ಎಡ ಕಾರ್ನರ್ ನಾಗರತ್ನಾ

ಆಂಟಾಪ್ ಹಿಲ್‌ನ ಹುಡುಗರು ನಾಗರತ್ನಾಳನ್ನು ‘ರತ್ನಾ ಭಾಯ್’ ಎಂದೇ ಕರೆಯುತ್ತಿದ್ದರು. ಶಾಲೆ ಮುಗಿಯುವವರೆಗೂ ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ, ಹೆಮ್ಮೆಯೇ ಇತ್ತು. ಸಂಜೆ ಕಬಡ್ಡಿಗೆ ಒಬ್ಬರು ಕಡಿಮೆ ಬಿದ್ದರೆ ಅವರು ಬೇರೆ ಯಾರ ಮನೆಗೂ ಹೋಗದೆ ಇವಳ ಬಾಗಿಲಿಗೇ ಬಂದು ಕೂಗುತ್ತಿದ್ದರು.

ಅಪ್ಪ ಸಾಯಬಣ್ಣ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಗಾರೆ ಕೆಲಸಕ್ಕೆಂದು ಮುಂಬಯಿಗೆ ಬಂದು, ಈಗ ಕಟ್ಟಡ ಕೆಲಸದಲ್ಲಿ ಮುಕಾದಮನಾಗಿದ್ದ. ಕೂಲಿಗಳ ಮೇಲೆ ಕೂಗಿ ಕೂಗಿ ಅವನ ಗಂಟಲು ಒಡೆದುಹೋಗಿತ್ತು. ತಾಯಿ ಮಲ್ಲಕ್ಕ ಹತ್ತಿರದ ಬಿಲ್ಡಿಂಗ್‌ಗಳಲ್ಲಿ ನಾಲ್ಕಾರು ಮನೆಗಳಿಗೆ ಚಪಾತಿ-ಪಲ್ಯ ಮಾಡಿಕೊಟ್ಟು ಬರುತ್ತಿದ್ದಳು. ಮಗಳು ಅಪ್ಪನ ಮೈಕಟ್ಟನ್ನೇ ಪಡೆದು ಬಂದಿದ್ದಳು. ಅಗಲವಾದ ಹೆಗಲು, ದಪ್ಪ ಮಣಿಕಟ್ಟು, ಒರಟು ದನಿ. ಮೇಲ್ದುಟಿಯ ಮೇಲೆ ನವಿರಾಗಿ ಕೂದಲು. ಮಲ್ಲಕ್ಕ ಪ್ರತಿ ಭಾನುವಾರ ಕಡಲೆಹಿಟ್ಟಿಗೆ ಅರಿಶಿನ ಕಲಸಿ ತಂದು ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿ ತುಟಿಯ ಮೇಲೆ ತಿಕ್ಕುತ್ತಿದ್ದಳು.

“ಹೆಣ್ಣಮಕ್ಕಳು ಹೆಣ್ಣಮಕ್ಕಳಂಗ ಇರಬೇಕಬೇ ಯವ್ವಾ. ನಾಳೆ ನೋಡಾಕ ಬಂದವರು ಏನಂದಾರು?”

“ನೋಡಾಕ ಬರೋರಿಗೆ ಮ್ಯಾಚ್ ನೋಡಾಕ ಬರ್ರಿ ಅಂತ ಹೇಳು,” ಎನ್ನುವಳು ನಾಗರತ್ನಾ, ಉರಿ ತಡೆದುಕೊಂಡು.

ಸಾಯಬಣ್ಣ ಈ ಮಾತಿಗೆ ನಗುತ್ತಿದ್ದ. ಅವನಿಗೆ ಆಟದ ನಿಯಮಗಳು ಪೂರ್ತಿ ತಿಳಿಯದಿದ್ದರೂ ಮಗಳ ಮ್ಯಾಚ್ ಇದ್ದ ದಿನ ಕೆಲಸದಿಂದ ನೇರ ಬಂದು, ಕಾಲಿಗೆ ಮೆತ್ತಿದ ಸಿಮೆಂಟನ್ನೂ ತೊಳೆಯದೆ ಗೆರೆಯ ಪಕ್ಕ ನಿಂತುಬಿಡುತ್ತಿದ್ದ.

ನಾಗರತ್ನಾ ನಿಲ್ಲುತ್ತಿದ್ದುದು ಎಡ ಕಾರ್ನರ್‌ನಲ್ಲಿ. ಎದುರು ತಂಡದ ರೇಡರ್ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಳಗೆ ಬಂದಾಗ ನೋಡುವವರ ಕಣ್ಣೆಲ್ಲ ರೇಡರ್ ಮೇಲೆ. ಕಾರ್ನರ್‌ನವರು ಮೂಲೆಯಲ್ಲಿ ಬಗ್ಗಿ, ಉಸಿರು ಹಿಡಿದು, ಆ ಕಾಲು ಒಂದು ಗೇಣು ಹೆಚ್ಚು ಮುಂದೆ ಬರಲಿ ಎಂದು ಕಾಯಬೇಕು. ಬಂತೋ, ಹಾರಿ ಪಾದದ ಹರಡನ್ನು ಹಿಡಿಯಬೇಕು. ಹಿಡಿದದ್ದೇ ತಡ, ಉಳಿದ ಆರೂ ಜನ ಮೇಲೆ ಬೀಳುತ್ತಾರೆ. ಮೊದಲು ಹಿಡಿದವಳು ಎಲ್ಲರ ಅಡಿಯಲ್ಲಿ ಎಲ್ಲೋ ಇರುತ್ತಾಳೆ. ಎದ್ದು ಬರುವಷ್ಟರಲ್ಲಿ ಚಪ್ಪಾಳೆ ಮುಗಿದಿರುತ್ತದೆ.

ಅವಳು ಸೇರಿದ್ದು ಉಪನಗರದ ಒಂದು ದೊಡ್ಡ ಕಾಲೇಜಿಗೆ. ಅಲ್ಲಿ ಹುಡುಗರ ಕಬಡ್ಡಿ ತಂಡವಿತ್ತು, ಹುಡುಗಿಯರದು ಇರಲಿಲ್ಲ. ಜಿಮ್‌ಖಾನಾ ನೋಡಿಕೊಳ್ಳುತ್ತಿದ್ದ ಕೊರಗಪ್ಪ ಸರ್ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಅಣ್ಣನ ಜತೆ ಬೆಳೆದ ಮೂಲ್ಕಿ ಕಡೆಯವರು. “ಏಳು ಜನ ತಂದು ನಿಲ್ಲಿಸು ಮಾರಾಯ್ತಿ, ಮತ್ತೆ ಮಾತಾಡುವ,” ಎಂದರು. ನಾಗರತ್ನಾ ಕ್ಲಾಸಿನಿಂದ ಕ್ಲಾಸಿಗೆ ಹೋಗಿ, ಲೋಕಲ್ ರೈಲಿನಲ್ಲಿ ಜಗಳವಾಡಿ ಜಾಗ ಹಿಡಿಯುವ ಹುಡುಗಿಯರನ್ನು ಗುರುತಿಟ್ಟು, ಅವರನ್ನು ಕಾಡಿ ಬೇಡಿ ಮ್ಯಾಟಿನ ಮೇಲೆ ತಂದು ನಿಲ್ಲಿಸಿದಳು. ತಂಡವೇನೋ ಆಯಿತು. ಆದರೆ ಹಿಡಿಯುವವರೇ ಎಲ್ಲ, ಹೋಗಿ ಮುಟ್ಟಿ ಬರುವವರಿಲ್ಲ. ಒಳ್ಳೆಯ ರೇಡರ್ ಒಬ್ಬಳು ಸಿಕ್ಕಿರಲಿಲ್ಲ.

ಮರುವರ್ಷ ಕಾಲೇಜಿನ ಸ್ನೇಹ ಸಮ್ಮೇಳನದಲ್ಲಿ ಪರದೆಯ ಹಗ್ಗ ಎಳೆಯುವ ಕೆಲಸ ನಾಗರತ್ನಾಳಿಗೆ ಬಂದಿತ್ತು. ವೇದಿಕೆಯ ಮೇಲೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಭರತನಾಟ್ಯ ಮಾಡುತ್ತಿದ್ದಳು. ಸಭೆಯೆಲ್ಲ ಅವಳ ಕಣ್ಣು, ಕೈ, ಜಡೆ ನೋಡುತ್ತಿದ್ದರೆ ನಾಗರತ್ನಾ ನೋಡಿದ್ದು ಪಾದಗಳನ್ನು. ಮುಂದೆ ಹೋದ ಕಾಲು ನೆಲ ಮುಟ್ಟಿದ್ದೂ ತಿಳಿಯದಂತೆ ಹಿಂದಕ್ಕೆ ಬರುತ್ತಿತ್ತು. ಹಗ್ಗ ಕೈಯಲ್ಲೇ ಇದ್ದಾಗ ಅವಳಿಗೆ ಅನ್ನಿಸಿತು: ಈ ಕಾಲನ್ನು ನಾನೂ ಹಿಡಿಯಲಾರೆ.

ಹುಡುಗಿಯ ಹೆಸರು ಶೈಲಾ. ಧಾರವಾಡದವರು. ತಂದೆ ಸಿದ್ದಲಿಂಗಪ್ಪ ಸರಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲರ್ಕ್. ಮನೆ ಆಂಟಾಪ್ ಹಿಲ್‌ನಲ್ಲೇ, ನೌಕರರ ಕ್ವಾರ್ಟರ್ಸ್‌ನಲ್ಲಿ. ಮುಖದ ಬಣ್ಣ ತೊಳೆಯುತ್ತಿದ್ದವಳ ಹತ್ತಿರ ಹೋಗಿ ನಾಗರತ್ನಾ ಕೇಳಿದಳು: “ಕಬಡ್ಡಿ ಆಡ್ತಿಯೇನು?”

“ನಾನಾ? ಕಭೀ ಖೇಲಾ ನಹೀ, ಅಕ್ಕಾ. ನಂಗ... ಅದು... ಬರೋದಿಲ್ಲ,” ಎಂದು ಶೈಲಾ ನಕ್ಕಳು. ಅವಳ ಕನ್ನಡ ಮನೆಯಲ್ಲಿ ಕೇಳಿ ಕಲಿತದ್ದು. ನಡುನಡುವೆ ತಡೆದು ನಿಲ್ಲುತ್ತಿತ್ತು.

“ಬರತೈತಿ. ನಾ ಕಲಿಸ್ತೀನಿ.”

ಕಲಿಸಿದಳು ಕೂಡ. ಕಾರ್ನರ್‌ನವಳಿಗೆ ಯಾವುದು ಕಷ್ಟವೋ ಅದನ್ನೆಲ್ಲ ಒಂದೊಂದಾಗಿ ಹೇಳಿಕೊಟ್ಟಳು. ಶೈಲಾ ಬೇಗ ಕಲಿತಳು. ಮನೆಯಲ್ಲಿ ಮಾತ್ರ ಡಾನ್ಸ್ ಪ್ರಾಕ್ಟೀಸ್ ಎಂದೇ ಹೇಳಿದ್ದಳು. ಮಗಳು ಚಡ್ಡಿ ಹಾಕಿಕೊಂಡು ಜನರ ನಡುವೆ ಬಿದ್ದು ಏಳುವುದನ್ನು ಸಿದ್ದಲಿಂಗಪ್ಪ ಒಪ್ಪುವ ಮಾತೇ ಇರಲಿಲ್ಲ. ಹಾಗಾಗಿ ಅವಳ ಜರ್ಸಿ, ಚಡ್ಡಿ, ಬೂಟು ಎಲ್ಲ ನಾಗರತ್ನಾಳ ಮನೆಯಲ್ಲೇ ಇರುತ್ತಿದ್ದವು. ಮಲ್ಲಕ್ಕ ಇಬ್ಬರ ಬಟ್ಟೆಯನ್ನೂ ಒಟ್ಟಿಗೆ ತೊಳೆದು ಒಂದೇ ತಂತಿಯ ಮೇಲೆ ಹಾಕುವಳು. ಶೈಲಾ ಬಟ್ಟೆ ಒಯ್ಯಲು ಬಂದಾಗ ಅವಳ ಗಲ್ಲ ಹಿಡಿದು, “ಎಷ್ಟ ನಾಜೂಕ ಅದಾಳ ನೋಡ ಹುಡುಗಿ! ಆಡಿದರೂ ಮಾರಿ ಬಾಡಂಗಿಲ್ಲ,” ಎನ್ನುವಳು. ನಾಗರತ್ನಾಳಿಗೆ ಮೊದಲ ಸಲ ಶೈಲಾಳ ಮೇಲೆ ಉರಿದದ್ದು ಆಗ. ತಾಯಿ ತನ್ನ ಗಲ್ಲ ಹಿಡಿದದ್ದು ಯಾವಾಗ ಎಂದು ನೆನೆಸಿಕೊಂಡಳು. ಅರಿಶಿನ ತಿಕ್ಕುವಾಗ ಹಿಡಿದದ್ದು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ.

ಅಲ್ಲಿಂದ ಅದು ಬೆಳೆಯಿತು. ಕುರ್ಲಾದಲ್ಲಿ ನಡೆದ ಅಂತರ್‌ಕಾಲೇಜು ಪಂದ್ಯದಲ್ಲಿ ಶೈಲಾ ಒಂದೇ ರೇಡಿನಲ್ಲಿ ಮೂವರನ್ನು ಮುಟ್ಟಿ, ಮೈಯನ್ನು ಬಳ್ಳಿಯಂತೆ ಬಳುಕಿಸಿ ಗೆರೆ ದಾಟಿ ಬಂದಳು. ಮೈದಾನವೇ ಎದ್ದು ನಿಂತಿತು. ಆ ವಿಡಿಯೋ ಎರಡೇ ದಿನದಲ್ಲಿ ಮುಂಬಯಿಯ ಎಲ್ಲ ಕಾಲೇಜುಗಳ ಫೋನುಗಳಲ್ಲಿ ಓಡಾಡಿತು. ನಾಗರತ್ನಾ ಅದನ್ನು ಲೋಕಲ್‌ನಲ್ಲಿ ನಿಂತು ಮತ್ತೆ ಮತ್ತೆ ನೋಡಿದಳು. ಅದಕ್ಕೆ ಹಿಂದಿನ ರೇಡಿನಲ್ಲಿ ಎದುರಾಳಿ ತಂಡದ ಕ್ಯಾಪ್ಟನ್‌ಳನ್ನು ಅವಳೊಬ್ಬಳೇ ಹಿಡಿದು ಕೆಡವಿದ್ದಳು. ಆ ಪಾಯಿಂಟ್ ಸಿಗದಿದ್ದರೆ ಮ್ಯಾಚ್ ಆಗಲೇ ಕೈತಪ್ಪುತ್ತಿತ್ತು. ವಿಡಿಯೋ ಅದರ ನಂತರ ಶುರುವಾಗುತ್ತಿತ್ತು. ಕೊನೆಯಲ್ಲಿ ಮಾತ್ರ ಒಂದು ಕ್ಷಣ ಅವಳ ಬೆನ್ನು ಕಾಣುತ್ತಿತ್ತು. ಈ ದಡಿಯ ಯಾರೆಂದು ಕೆಳಗೆ ಯಾರೋ ಕೇಳಿದ್ದರು: ‘ಏ ಮೋಟಾ ಕೌನ್ ಹೈ?’

ಶೈಲಾ ಮಾತ್ರ ಬದಲಾಗಿರಲಿಲ್ಲ. ಕಾಲೇಜಿನಲ್ಲಿ ಅವಳನ್ನು ‘ಭಾಯ್’ ಎನ್ನದೆ ‘ಅಕ್ಕಾ’ ಎನ್ನುತ್ತಿದ್ದವಳು ಶೈಲಾ ಒಬ್ಬಳೇ. ಅದು ನಾಗರತ್ನಾಳಿಗೆ ಇನ್ನೂ ಕಷ್ಟ. ಕೆಟ್ಟವಳಾಗಿದ್ದರೆ ದ್ವೇಷಿಸಬಹುದಿತ್ತು. ಒಳ್ಳೆಯವಳ ಮೇಲಿನ ಹೊಟ್ಟೆಕಿಚ್ಚನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಆ ವರ್ಷ ಕಾಲೇಜಿನಲ್ಲಿ ಮ್ಯಾಟಿನ ಜಗಳ ಹುಟ್ಟಿಕೊಂಡಿತು. ಹುಡುಗಿಯರು ಐದು ಗಂಟೆಯೊಳಗೆ ಜಿಮ್‌ಖಾನಾ ಬಿಡಬೇಕು, ಸುರಕ್ಷತೆಯ ದೃಷ್ಟಿಯಿಂದ, ಎಂಬುದು ನಿಯಮ. ಕ್ಲಾಸು ಮುಗಿಯುವುದೇ ನಾಲ್ಕೂವರೆಗೆ. ಬಟ್ಟೆ ಬದಲಿಸಿ ಮೈ ಬಿಸಿ ಮಾಡಿಕೊಳ್ಳುವಷ್ಟರಲ್ಲಿ ಹುಡುಗರ ತಂಡ ಬಾಗಿಲಲ್ಲಿ ನಿಂತು ಸಿಳ್ಳೆ ಹೊಡೆಯುತ್ತಿತ್ತು. ನಾಗರತ್ನಾ ಪ್ರಿನ್ಸಿಪಾಲರ ಬಳಿಗೆ ಹೋದಳು. “ವಿದ್ಯಾರ್ಥಿ ಮಂಡಳಿಯ ಮೂಲಕ ಬಾ,” ಎಂದರು ಅವರು. ಮಂಡಳಿಯಲ್ಲಿ ಮಹಿಳಾ ಕ್ರೀಡಾ ಪ್ರತಿನಿಧಿ ಎಂಬ ಒಂದು ಜಾಗವಿತ್ತು, ಚುನಾವಣೆ ಹತ್ತಿರ ಬಂದಿತ್ತು.

ಕಾಲೇಜಿನಲ್ಲಿ ಎರಡು ಗುಂಪು. ಒಂದರ ಮುಖಂಡ ಸುಭಾಷ. ಸದಾ ಬಿಳಿ ಅಂಗಿ ತೊಟ್ಟು, ಎಲ್ಲರ ಹೆಗಲ ಮೇಲೂ ಕೈ ಹಾಕಿ ಮಾತಾಡುವವನು. ಮ್ಯಾಟಿನ ವಿಷಯ ಅವನ ಕಿವಿಗೆ ಬಿದ್ದದ್ದೇ ನಾಗರತ್ನಾಳನ್ನು ಕ್ಯಾಂಟೀನಿಗೆ ಕರೆದು, ಅರ್ಧ ಲೋಟದ ಕಟಿಂಗ್ ಚಹಾ ತರಿಸಿ, ಎಲ್ಲ ಕೇಳಿಕೊಂಡ. “ಇದೇ ನಮ್ಮ ಮುದ್ದಾ, ಇದೇ ವಿಷಯ. ಇದರ ಮೇಲೇ ಲಡಾಯಿ,” ಎಂದ. ನಾಗರತ್ನಾ ಮನೆಗೆ ಬಂದು ಅಪ್ಪನಿಗೆ, “ನಾ ಇಲೆಕ್ಷನ್ನಿಗೆ ನಿಂದರಾಕತ್ತೀನಿ,” ಎಂದುಬಿಟ್ಟಳು.

ವಾರದೊಳಗೆ ಪೋಸ್ಟರ್ ಬಂತು. ‘ಮ್ಯಾಟ್ ಹಮಾರಾ, ಹಕ್ ಹಮಾರಾ’ ಎಂಬ ಅವಳದೇ ಮಾತು. ಚಿತ್ರ ಮಾತ್ರ ಶೈಲಾಳದು, ಗಾಳಿಯಲ್ಲಿ ತೇಲುವ ಜಡೆ, ಮುಂದೆ ಚಾಚಿದ ಕಾಲು. ಅಂಚಿನಲ್ಲಿ, ಆ ಕಾಲಿನ ಹತ್ತಿರ, ಯಾರದೋ ದಪ್ಪ ಕೈಯೊಂದು ಅರ್ಧ ಕತ್ತರಿಸಿ ಹೋಗಿತ್ತು. ನಾಗರತ್ನಾ ತನ್ನ ಕೈಯನ್ನು ತಾನು ಗುರುತು ಹಿಡಿದಳು.

ಸುಭಾಷನನ್ನು ಹುಡುಕಿಕೊಂಡು ಹೋದಳು. ಅವನಿಗೆ ಸಂಕೋಚವೂ ಆಗಲಿಲ್ಲ.

“ದೇಖ್, ವೋಟ್ ಚೆಹರೇ ಕೋ ಮಿಲ್ತಾ ಹೈ, ಮುಖ ನೋಡಿ ಹಾಕ್ತಾರೆ. ಕೆಲಸ ಎಲ್ಲಾ ನೀನೇ ಮಾಡು, ಹೆಸರು ಅವಳದಿರಲಿ. ತೂ ತೋ ಅಪ್ನಾ ಭಾಯ್ ಹೈ ಯಾರ್!”

ಅಂದು ಮೊದಲ ಬಾರಿಗೆ ಆ ‘ಭಾಯ್’ ಅವಳಿಗೆ ಚುಚ್ಚಿತು. ಗಂಡಸರ ಕೆಲಸಕ್ಕೆ ತಾನು ಗಂಡು, ಹೆಂಗಸರ ಮರ್ಯಾದೆಗೆ ತಾನು ಯಾರೂ ಅಲ್ಲ ಎನ್ನಿಸಿತು. ಶೈಲಾ ಬಂದು, “ಅಕ್ಕಾ, ನಾ ಬ್ಯಾಡ ಅಂದೆ. ಅವರು ಸುನಾ ಹೀ ನಹೀ. ನೀ ಹೇಳಿದರ ನಾ ನಾಮ್ ವಾಪಸ್ ತಗೋತೀನಿ,” ಎಂದಳು.

“ಯಾಕ? ನಿಂದರು. ಚೆಹರಾ ಛಲೋ ಐತಲ್ಲ,” ಎಂದಳು ನಾಗರತ್ನಾ.

ಶೈಲಾಳ ಮುಖ ಸಣ್ಣದಾಯಿತು. ಅದನ್ನು ನೋಡಿ ನಾಗರತ್ನಾಳಿಗೆ ಸಮಾಧಾನವಾಯಿತು, ಮರುಗಳಿಗೆ ನಾಚಿಕೆಯಾಯಿತು.

ಮರುದಿನದ ಪ್ರಾಕ್ಟೀಸ್. ಕೊರಗಪ್ಪ ಸರ್ ತಂಡವನ್ನು ಎರಡು ಭಾಗ ಮಾಡಿದರು. ಶೈಲಾ ರೇಡಿಗೆ ಬಂದಳು. ಎಂದಿನಂತೆ ನಗುತ್ತ, ಎಡಗಡೆಗೆ ಒಂದು ಹೆಜ್ಜೆ, ಬಲಗಡೆಗೆ ಒಂದು. ಆಮೇಲೆ ಆ ಕಾಲು ಮುಂದೆ ಬಂತು. ನಾಗರತ್ನಾ ಹಾರಿ ಹರಡು ಹಿಡಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು, ಪ್ರಾಕ್ಟೀಸಿನಲ್ಲಿ ಹಿಡಿದ ಕೂಡಲೇ ಬಿಡುವುದು ವಾಡಿಕೆ. ಶೈಲಾ ಅದೇ ನಂಬಿಕೆಯಿಂದ ಮೈ ಸಡಿಲ ಬಿಟ್ಟಿದ್ದಳು. ನಾಗರತ್ನಾ ಬಿಡಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿ ತನ್ನತ್ತ ತಿರುಚಿ ಎಳೆದಳು.

ಶೈಲಾ ಕೂಗಿದ್ದು ಹೊರಗಿನ ಕಾರಿಡಾರಿನವರೆಗೂ ಕೇಳಿತು.

ಹರಡು ಬಾತು ನೀಲಿಯಾಯಿತು. ಮೂಳೆ ಮುರಿದಿರಲಿಲ್ಲ, ಒಳಗಿನ ಲಿಗಮೆಂಟ್ ಹರಿದಿತ್ತು. ಕೊರಗಪ್ಪ ಸರ್ ಐಸ್ ಇಟ್ಟು, ರಿಕ್ಷಾದಲ್ಲಿ ಡಾಕ್ಟರ ಬಳಿ ಒಯ್ಯುವ ಮುನ್ನ ನಾಗರತ್ನಾಳನ್ನು ಒಂದು ಸಲ ನೋಡಿದರು. “ಎಂತ ಆಯ್ತು ನಿಂಗೆ?” ಎಂದಷ್ಟೇ ಕೇಳಿದರು. ಬೇಕೆಂದೇ ಮಾಡಿದೆನೇ, ಕೈ ತಾನಾಗಿ ಮಾಡಿತೇ ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿದ್ದೂ ಕೇಳಿಕೊಳ್ಳುತ್ತಿದ್ದಳು.

ಡಾಕ್ಟರ ಬಳಿಗೆ ಸಿದ್ದಲಿಂಗಪ್ಪ ಬಂದರು. ಆಫೀಸಿನ ಚೀಲ ಇನ್ನೂ ಹೆಗಲಲ್ಲಿತ್ತು. ಮಗಳು ತೊಟ್ಟಿದ್ದ ಚಡ್ಡಿ, ಮೊಣಕಾಲಿನ ಹಳೆಯ ಗಾಯಗಳು, ಎಲ್ಲವನ್ನೂ ಒಮ್ಮೆಲೇ ಕಂಡರು. ಕೂಗಾಡಲಿಲ್ಲ. ತಗ್ಗಿದ ದನಿಯಲ್ಲಿ ಕೊರಗಪ್ಪ ಸರ್‌ಗೆ, “ಸಣ್ಣಾಕಿ ಇದ್ದಾಗಿಂದ ಅಕಿಗೆ ಭರತನಾಟ್ಯ ಕಲಿಸೀನ್ರಿ ಸರ್. ಇದನ್ನ ನೋಡ್ಲಿಕ್ಕೆ ಅಲ್ಲ,” ಎಂದು, ಮಗಳ ಮೇಲೆ ತಮ್ಮ ಟವೆಲ್ ಹೊದಿಸಿ ಕರೆದುಕೊಂಡು ಹೋದರು. ಮರುದಿನದಿಂದ ಶೈಲಾ ಕಾಲೇಜಿಗೆ ಬರಲಿಲ್ಲ. ಫೋನೂ ಬಂದ್.

ಸುಭಾಷ ನಾಗರತ್ನಾಳ ಹತ್ತಿರ ಬಂದ. “ಅಬ್ ತೂ ಹೀ ಹೈ. ನೀನೇ ನಿಲ್ಲಬೇಕು,” ಎಂದ. ಹಳೆಯ ಪೋಸ್ಟರಿನ ಮೇಲೆ ಹೊಸದನ್ನು ಅಂಟಿಸಲಾಯಿತು. ಅದರಲ್ಲಿ ನಾಗರತ್ನಾ ಪೂರ್ತಿ ಇದ್ದಳು, ಬಗ್ಗಿ, ಕೈ ಚಾಚಿ. ಅವಳು ಯಾರೂ ಇಲ್ಲದಾಗ ಅದರ ಮುಂದೆ ನಿಂತು ನೋಡಿದಳು. ಚೆನ್ನಾಗಿಯೇ ಕಂಡಿತು. ಅಂಟು ಒಣಗದೆ ಕಾಗದ ಹಸಿಯಾಗಿದ್ದ ಕಡೆ ಕೆಳಗಿನ ಶೈಲಾಳ ಜಡೆ ಮಸುಕಾಗಿ ಮೇಲೆ ಮೂಡಿತ್ತು. ತನಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಊಟ ಮಾತ್ರ ರುಚಿಸುತ್ತಿರಲಿಲ್ಲ.

ಎರಡು ದಿನಕ್ಕೆ ಎಲ್ಲರ ಫೋನಿನಲ್ಲೂ ಬೇರೆ ಚಿತ್ರ ಬಂತು. ಅದೇ ಪೋಸ್ಟರ್, ನಾಗರತ್ನಾಳಿಗೆ ದಪ್ಪ ಮೀಸೆ ಬರೆದು, ಕೆಳಗೆ: ‘ಲೇಡೀಸ್ ಸೀಟ್ ಪೆ ಜೆಂಟ್ಸ್?’ ಎದುರು ಗುಂಪಿನ ಕೆಲಸ ಎಂದರು. ಅಲ್ಲಿಗೆ ನಿಲ್ಲಲಿಲ್ಲ. ಮಹಿಳೆಯರ ಜಾಗಕ್ಕೆ ನಿಂತವಳು ಮಹಿಳೆ ಹೌದೋ ಅಲ್ಲವೋ ತಿಳಿಯಬೇಕು ಎಂದು ಯಾರೋ ದೂರು ಕೊಟ್ಟರು. ಚುನಾವಣೆ ನೋಡಿಕೊಳ್ಳುತ್ತಿದ್ದ ಮೇಡಂ ಅವಳನ್ನು ಕರೆದು, ನೋಯಿಸಬಾರದೆಂದೇ ಮೆತ್ತಗೆ, “ಒಂದು ಡಾಕ್ಟರ್ ಸರ್ಟಿಫಿಕೇಟ್ ತಂದುಬಿಡು ಬೇಟಾ. ಬಾಯಿ ಮುಚ್ಚಿಸಿದಂತಾಗುತ್ತದೆ,” ಎಂದರು. ಸುಭಾಷನೂ ಅದನ್ನೇ ಹೇಳಿದ: “ಏಕ್ ಕಾಗಜ್ ಹೀ ತೋ ಹೈ, ಭಾಯ್.”

ಮನೆಯಲ್ಲಿ ಮಲ್ಲಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. “ನಾ ಬಡಕೊಂಡೆ. ಆಟ ಬ್ಯಾಡ, ಆಟ ಬ್ಯಾಡ ಅಂತ. ಈಗ ಊರ ತುಂಬ ಸುದ್ದಿ ಆದರ ನಿನ್ನ ಯಾರ ಮಾಡ್ಕೋತಾರ? ಹೋಗಿ ತೋರಿಸಿ ತಂದ ಒಗಿ ಅದನ್ನ.”

ಸಾಯಬಣ್ಣ ಮಗಳ ಎದುರು ಕುಕ್ಕರುಗಾಲಲ್ಲಿ ಕೂತ. “ನೀ ಹುಟ್ಟಿದಾಗ ಸೂಲಗಿತ್ತಿ ಮೊದಲ ನನ್ನ ಕೈಯಾಗ ಕೊಟ್ಟಳು. ಹೆಣ್ಣ ಐತಿ ಅಂದಳು. ನಾ ಸಕ್ರಿ ಹಂಚೀನಿ. ಇನ್ಯಾರಿಗೂ ಏನೂ ತೋರಸೂದ ಬ್ಯಾಡ.”

ಚುನಾವಣೆಗೆ ಮುಂಚೆ ದೊಡ್ಡ ಹಾಲಿನಲ್ಲಿ ಅಭ್ಯರ್ಥಿಗಳ ಭಾಷಣ. ನಾಗರತ್ನಾಳ ಸರದಿ ಬಂದಾಗ ಹಿಂದಿನ ಸಾಲುಗಳಲ್ಲಿ ಹುಡುಗರು ಗಂಡುದನಿಯಲ್ಲಿ ಕೆಮ್ಮತೊಡಗಿದರು. ಅವಳು ಮೈಕ್ ಹಿಡಿದು, “ನಾನು ಸರ್ಟಿಫಿಕೇಟ್ ಕೊಡುವುದಿಲ್ಲ. ಯಾರಿಗೂ ಕೊಡುವುದಿಲ್ಲ,” ಎಂದು ಹಿಂದಿಯಲ್ಲಿ ಹೇಳಿದಳು. ಅವಳ ಒರಟು ದನಿ ಹಾಲಿನಲ್ಲಿ ತುಂಬಿಕೊಂಡಿತು. ‘ಆವಾಜ್ ತೋ ಸುನೋ!’ ಎಂದು ಯಾರೋ ಕೂಗಿದರು. ನಗು ಎದ್ದಿತು. ಮ್ಯಾಟಿನ ಬಗ್ಗೆ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಅವಳಿಗೆ ಮರೆತುಹೋಯಿತು. ಮುಂದಿನ ಸಾಲಿನಲ್ಲಿದ್ದ ಸುಭಾಷ ಫೋನ್ ನೋಡುತ್ತ ಕೂತಿದ್ದ.

ಆಗ ಹಿಂದಿನ ಬಾಗಿಲಿನಿಂದ ಶೈಲಾ ಬಂದಳು. ಕಾಲಿಗೆ ಪಟ್ಟಿ, ಕಂಕುಳಲ್ಲಿ ಊರುಗೋಲು. ಅವಳು ಕುಂಟುತ್ತ ನಡುವಿನ ದಾರಿಯಲ್ಲಿ ಬರುತ್ತಿದ್ದಂತೆ ಹಾಲ್ ಸುಮ್ಮನಾಯಿತು. ವೇದಿಕೆಯ ಮೆಟ್ಟಿಲು ಹತ್ತಲು ಆಗದೆ ಕೆಳಗೇ ನಿಂತು, ಮೈಕ್ ಕೆಳಗೆ ಇಸಿದುಕೊಂಡಳು.

“ಮೊದಲು ಇಲ್ಲಿರುವ ಹುಡುಗರೆಲ್ಲ ಗಂಡಸರೆಂದು ಸರ್ಟಿಫಿಕೇಟ್ ತನ್ನಿ,” ಎಂದಳು ಹಿಂದಿಯಲ್ಲಿ. “ನಾನೂ ತರುತ್ತೇನೆ. ನಾನು ಹೆಂಗಸು ಅಂತ ಹೇಗೆ ನಂಬಿದಿರಿ? ಜಡೆ ನೋಡಿಯಾ? ನೀವು ಹೊಗಳುವ ಆ ರೇಡ್ ಇದೆಯಲ್ಲ, ಅದನ್ನು ನನಗೆ ಕಲಿಸಿದವಳು ಇವಳು. ಐದು ಗಂಟೆಗೆ ನಮ್ಮನ್ನು ಹೊರಗೆ ಹಾಕುವಾಗ ಮಾತ್ರ ನಾವೆಲ್ಲ ಹುಡುಗಿಯರು, ಇವಳೂ ಹುಡುಗಿಯೇ. ವೋಟಿಗೆ ನಿಂತಾಗ ಗಂಡಾದಳೇ?”

ಮೊದಲು ಹುಡುಗಿಯರು ಚಪ್ಪಾಳೆ ಹೊಡೆದರು, ಆಮೇಲೆ ಎಲ್ಲರೂ. ಬೆಂಚು ಬಡಿದರು. ‘ಶೈಲಾ, ಶೈಲಾ’ ಎಂದು ಕೂಗಿದರು. ವೇದಿಕೆಯ ಮೇಲೆ ನಾಗರತ್ನಾ ಕೈ ಖಾಲಿ ಮಾಡಿಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು ಬಂದಿತ್ತು. ಅದೇ ಹೊತ್ತಿಗೆ, ಆ ನೀರಿನ ಅಡಿಯಲ್ಲೇ, ಹಳೆಯ ಕಿಚ್ಚೂ ಭಗ್ಗೆಂದು ಹೊತ್ತಿಕೊಂಡಿತು: ನನ್ನ ಅವಮಾನದ ದಿನವೂ ಚಪ್ಪಾಳೆ ಇವಳಿಗೇ.

ಸಭೆ ಮುಗಿದ ಮೇಲೆ ಜಿಮ್‌ಖಾನಾದ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಶೈಲಾ ಕಾಲು ಚಾಚಿ ಊರುಗೋಲನ್ನು ಪಕ್ಕಕ್ಕಿಟ್ಟಳು.

“ಮನ್ಯಾಗ ಹೆಂಗ ಬಿಟ್ಟರು?” ಎಂದು ಕೇಳಿದಳು ನಾಗರತ್ನಾ.

“ಅಪ್ಪಾಗ ಹೇಳೇ ಬಂದೆ. ಹೊಡೀತಾರ ಅಂದ್ಕೊಂಡಿದ್ದೆ. ಬರೇ ಮಾತ ಬಿಟ್ಟರು. ಅದು... ಹೊಡೆಯೋದಕ್ಕಿಂತ ಖರಾಬ್ ಅದ ಅಕ್ಕಾ.”

ನಾಗರತ್ನಾ ಅವಳ ಕಾಲಿನ ಪಟ್ಟಿಯನ್ನೇ ನೋಡುತ್ತಿದ್ದಳು. “ಅವತ್ತ ನಾ ಬಿಡಬಹುದಿತ್ತು. ಬೇಕಂತ ಬಿಡಲಿಲ್ಲ,” ಎಂದಳು.

“ಗೊತ್ತದ.”

“ಗೊತ್ತಿದ್ದೂ ಬಂದಿ?”

ಶೈಲಾಳ ಕಣ್ಣು ಕೆಂಪಾಯಿತು. “ನಿನ್ನ ಸಲುವಾಗಿ ಅಷ್ಟ ಬಂದಿಲ್ಲ. ನನಗ ನಿನ್ನ ಮ್ಯಾಲ ಗುಸ್ಸಾ ಅದ. ಬಹುತ್ ಅದ. ಆದ್ರ ಜಲನ್... ಏನಂತಾರ ಅದಕ್ಕ, ಹೊಟ್ಟೆಕಿಚ್ಚು... ಅದು ನನಗೂ ಇತ್ತು. ನಿಮ್ಮಪ್ಪ ಬರತಿದ್ರಲ್ಲ, ಸಿಮೆಂಟ್ ಕಾಲಿನಾಗ, ಲೈನ್ ಬಾಜೂಕ ನಿಂದರತಿದ್ರು. ಇಡೀ ಗ್ರೌಂಡ್ ನನ್ನ ಹೆಸರ ಕೂಗ್ತಿತ್ತು, ನಾ ಅವರನ್ನ ನೋಡತಿದ್ದೆ. ಅವರು ಒಬ್ಬರೇ ‘ರತ್ನಾ’ ಅಂತಿದ್ರು. ನನ್ನ ಅಪ್ಪಾ ಒಂದು ಸಲಾನೂ... ನಾ ಅಷ್ಟು ಪಾಯಿಂಟ್ ತರತಿದ್ದದ್ದು ಯಾಕ ಅನ್ಕೊಂಡಿ? ನಿಮ್ಮಪ್ಪ ನನ್ನ ಕಡೆ ನೋಡಲಿ ಅಂತ.”

ನಾಗರತ್ನಾ ಎಂದೂ ಲೆಕ್ಕಕ್ಕೇ ಇಟ್ಟುಕೊಳ್ಳದ ಒಂದು ವಸ್ತುವಿನ ಮೇಲೆ ಇವಳು ಇಷ್ಟು ದಿನ ಆಸೆ ಇಟ್ಟುಕೊಂಡಿದ್ದಳು. ಕ್ಷಮಿಸು ಎಂದಳೇ ಇಲ್ಲವೇ ಎಂಬುದು ಆಮೇಲೆ ನಾಗರತ್ನಾಳಿಗೇ ನೆನಪಿರಲಿಲ್ಲ. ಟ್ಯಾಕ್ಸಿಯವರೆಗೆ ಶೈಲಾಳ ಒಂದು ತೋಳನ್ನು ಹೆಗಲ ಮೇಲೆ ಹಾಕಿಕೊಂಡು ನಡೆಸಿದ್ದಷ್ಟೇ ನೆನಪು. ಜತೆಗೆ ಹೋಗಿ ಮನೆ ಮುಂದೆ ಇಳಿಸಿದಾಗ ಶೈಲಾ ‘ಅಕ್ಕಾ’ ಎನ್ನದೆ ಮನೆಯೊಳಗೆ ಹೋದದ್ದೂ ನೆನಪು.

ಚುನಾವಣೆಯಲ್ಲಿ ನಾಗರತ್ನಾ ಸೋತಳು. ಗೆದ್ದವಳು ಎದುರು ಗುಂಪಿನ ಬ್ಯಾಡ್ಮಿಂಟನ್ ಹುಡುಗಿ. ಆದರೆ ಅಂದಿನ ಸಭೆಯಾದ ಮೇಲೆ ಮ್ಯಾಟಿನ ಮಾತನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ. ವಾರದಲ್ಲಿ ಮೂರು ದಿನ ಹುಡುಗಿಯರಿಗೆ ಏಳು ಗಂಟೆಯವರೆಗೆ ಜಿಮ್‌ಖಾನಾ ಬಿಟ್ಟುಕೊಟ್ಟರು. ನೋಟಿಸಿನ ಕೆಳಗೆ ಬ್ಯಾಡ್ಮಿಂಟನ್ ಹುಡುಗಿಯ ಸಹಿ ಇತ್ತು. ಅದನ್ನು ನೋಡಿದಾಗಲೂ ನಾಗರತ್ನಾಳಿಗೆ ಉರಿಯಿತು. ಅಂತರ್‌ಕಾಲೇಜು ಸೆಮಿಫೈನಲ್‌ನಲ್ಲಿ ಅವಳು ಕ್ಯಾಪ್ಟನ್ ಆಗಿ ನಿಂತು, ಸಿಕ್ಕ ಕಾಲನ್ನೆಲ್ಲ ಹಿಡಿದಳು. ರೇಡಿಗೆ ಹೋದವರು ಮಾತ್ರ ಒಬ್ಬೊಬ್ಬರಾಗಿ ಔಟಾಗಿ ಬಂದರು. ತಂಡ ಸೋತಿತು. ಕೊರಗಪ್ಪ ಸರ್ ನೀರಿನ ಬಾಟಲಿ ಕೊಡುತ್ತ, “ಹಿಡಿಯುವುದರಿಂದ ಮಾತ್ರ ಮ್ಯಾಚ್ ಗೆಲ್ಲುವುದಾಗಿದ್ದರೆ ನೀನೇ ಗೆಲ್ಲುತ್ತಿದ್ದೆ,” ಎಂದರು. ಅದು ಹೊಗಳಿಕೆಯೋ ಬೈಗುಳವೋ ಅವಳಿಗೆ ಗೊತ್ತಾಗಲಿಲ್ಲ.

ಸಾಯಬಣ್ಣ ಒಂದು ಭಾನುವಾರ, ಯಾರಿಗೂ ಹೇಳದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಿದ್ದಲಿಂಗಪ್ಪನವರ ಮನೆಗೆ ಹೋದ. “ಚಹಾ ಕೊಟ್ಟರು. ಮಗಳ ಆಟದ ವಿಡಿಯೋ ಅವರು ನೋಡಿರಲಿಲ್ಲ, ನಾ ತೋರಿಸಿ ಬಂದೆ,” ಎಂದಷ್ಟೇ ಸಾಯಬಣ್ಣ ಮನೆಯಲ್ಲಿ ಹೇಳಿದ. ಸಿದ್ದಲಿಂಗಪ್ಪ ಮಗಳ ಜತೆ ಮತ್ತೆ ಮಾತು ಶುರು ಮಾಡಲು ಇನ್ನೂ ಕೆಲವು ತಿಂಗಳೇ ಹಿಡಿದವು. ಮಾತು ಶುರುವಾದಾಗ ಮೊದಲು ಕೇಳಿದ್ದು, ಕಾಲು ಈಗ ಮೊದಲಿನಂತೆ ಮಡಚುತ್ತದೆಯೇ ಎಂದು.

ಶೈಲಾ ಮ್ಯಾಟಿಗೆ ಮರಳಿದಾಗ ನಾಗರತ್ನಾಳ ಕೊನೆಯ ವರ್ಷ ಮುಗಿದಿತ್ತು. ಇಬ್ಬರೂ ಒಂದೇ ತಂಡದಲ್ಲಿ ಮತ್ತೆ ಆಡಲಿಲ್ಲ. ಶೈಲಾಳಿಗೆ ಆಟದ ಮೇಲೆಯೇ ಸರಕಾರಿ ಕಚೇರಿಯೊಂದರಲ್ಲಿ ನೌಕರಿ ಸಿಕ್ಕಿತು. ಅಲ್ಲಿನ ತಂಡಕ್ಕೆ ಅವಳೇ ಮುಖ್ಯ ರೇಡರ್. ಸಿದ್ದಲಿಂಗಪ್ಪ ಈಗ ಮ್ಯಾಚಿಗೆ ಹೋಗಿ, ಕುರ್ಚಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಯಾರು ಪಾಯಿಂಟ್ ಗಳಿಸಿದರೂ ಸಣ್ಣಗೆ ಚಪ್ಪಾಳೆ ಹೊಡೆಯುತ್ತಾರೆ. ನಾಗರತ್ನಾ ಪೊಲೀಸ್ ಭರ್ತಿಗೆ ಓಡಿದಳು. ಮೈದಾನದ ಪರೀಕ್ಷೆ ದಾಟಿದಳು, ಬರೆಯುವ ಪರೀಕ್ಷೆಯಲ್ಲಿ ಬಿದ್ದಳು. ಈಗ ಕುರ್ಲಾದ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್. ಬೆಳಿಗ್ಗೆ ಶಾಲೆಗೆ ಮುಂಚೆ ಆಂಟಾಪ್ ಹಿಲ್‌ನ ಮೈದಾನದಲ್ಲಿ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಾಳೆ. ಸೊಲ್ಲಾಪುರದ ಕಡೆಯಿಂದ ಒಮ್ಮೆ ಅವಳನ್ನು ನೋಡಲು ಬಂದಿದ್ದರು. ಹುಡುಗನ ಸೋದರಮಾವ ಅವಳ ಕೈ ನೋಡಿ, “ಪೈಲ್ವಾನರ ಕೈ ಇದ್ದಂಗ ಐತಲ್ಲ,” ಎಂದ. “ಹೌದ್ರಿ. ಹಿಡದರ ಬಿಡಂಗಿಲ್ಲ,” ಎಂದಳು. ಅವರು ಚಹಾ ಕುಡಿದು ಎದ್ದುಹೋದರು. ಮಲ್ಲಕ್ಕ ಬೈದಳು, ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅರಿಶಿನ ತಿಕ್ಕುವುದನ್ನು ಅವಳು ಬಿಟ್ಟು ಬಹಳ ದಿನವಾಗಿದೆ.

ಕಳೆದ ಚಳಿಗಾಲದಲ್ಲಿ ಶೈಲಾ ರಾಜ್ಯ ತಂಡದ ಶಿಬಿರಕ್ಕೆ ಆಯ್ಕೆಯಾದಳು. ಸುದ್ದಿ ಬಂದಾಗ ನಾಗರತ್ನಾ ಕುರ್ಲಾ ಸ್ಟೇಷನ್ನಿನಲ್ಲಿದ್ದಳು, ಅವಳ ಹುಡುಗಿಯರು ಅಂದೇ ವಾರ್ಡ್ ಮಟ್ಟದ ಪಂದ್ಯ ಗೆದ್ದು ಮನೆಗೆ ಹೋಗಿದ್ದರು. ಶೈಲಾಳ ಫೋನ್ ಬಂತು. ನಾಗರತ್ನಾ ಎತ್ತಲಿಲ್ಲ. ಒಂದು ಲೋಕಲ್ ಬಂದು ಹೋಯಿತು, ಹತ್ತಲಿಲ್ಲ. ಇನ್ನೊಂದು ಬಂದು ಹೋಯಿತು. ಎದೆಯೊಳಗಿನ ಬಿಸಿ ಸ್ವಲ್ಪ ಇಳಿದ ಮೇಲೆ ತಾನೇ ಫೋನ್ ಮಾಡಿದಳು.

“ಕಿಧರ್ ಥೀ ಅಕ್ಕಾ? ಆವಾಗಿಂದ ಹಚ್ಚಾಕತ್ತೀನಿ.”

“ಇಲ್ಲೇ ಇದ್ದೆ. ಹೊಟ್ಟಿ ಉರೀತು, ಅದಕ್ಕ ತಡಾ ಆತು,” ಎಂದಳು ನಾಗರತ್ನಾ. “ಈಗ ಹೇಳ್ತೀನಿ ನೋಡು. ಛಲೋ ಆತು. ಭಾಳ ಛಲೋ ಆತು.”

ಆಚೆಯಿಂದ ಶೈಲಾ ನಕ್ಕಳು. “ನಿನ್ನ ಹುಡುಗಿಯರದು ಏನಾತು?”

“ಗೆದ್ದರು. ಸಣ್ಣಾಕಿ ಒಬ್ಬಾಕಿ ಅದಾಳ, ನಿನಗಿಂತ ಜೋರ ರೇಡ್ ಹೋಗ್ತಾಳ.”

“ನನಗಿಂತ?” ಎಂದಳು ಶೈಲಾ, ನಗು ನಿಲ್ಲಿಸಿ.

“ನಿನಗಿಂತ.”

“ಭಾನುವಾರ ಬರ್ತೀನಿ. ನೋಡೇ ಬಿಡೋಣ,” ಎಂದು ಶೈಲಾ ಫೋನ್ ಇಟ್ಟಳು. ಅವಳ ದನಿಯಲ್ಲಿದ್ದ ಬಿಸಿ ನಾಗರತ್ನಾಳಿಗೆ ಚೆನ್ನಾಗಿಯೇ ಗೊತ್ತಿದ್ದ ಬಿಸಿ. ಅವಳು ಫೋನನ್ನು ಚೀಲಕ್ಕೆ ಹಾಕಿಕೊಂಡು, ಮುಂದೆ ಬಂದ ಗಾಡಿಗೆ ಜನರನ್ನು ತಳ್ಳಿಕೊಂಡು ಹತ್ತಿದಳು.